ನೀರಿನ ಸರದಿ

ಬಸ್ಸು ಇಳಿದಾಗ ಮೊದಲು ಸಿಕ್ಕಿದ್ದು ತಲೆನೋವು,
ಆಮೇಲೆ ಊರು.
ಅಟಕಾಮಾದ ಗಾಳಿ ತೂತು ಬಿದ್ದ ಕಂಬಳಿ,
ಎಷ್ಟು ಎಳೆದುಕೊಂಡರೂ ಎದೆ ತುಂಬುವುದಿಲ್ಲ.
ಮಣ್ಣಿನ ಗೋಡೆಗಳ ಬೀದಿ,
ನೆರಳು ಸರಿದಂತೆಲ್ಲ ಸರಿದು ಮಲಗುವ ನಾಯಿಗಳು,
ನಾಲ್ಕು ಹಸಿರು ಮರ,
ಅದರಾಚೆ ಏನೂ ಇಲ್ಲ.
‘ಇಲ್ಲ’ ಎಂಬುದು ಇಷ್ಟು ಅಗಲವಿರಬಹುದೆಂದು
ನನಗೆ ಗೊತ್ತಿರಲಿಲ್ಲ.

ಓನೋರಿಯಾ ಕೋಲ್ಕೆಯ ಮನೆಯಲ್ಲಿ ಬಾಡಿಗೆ ಕೋಣೆ.
ಕೋಕಾ ಎಲೆ ಕುದಿಸಿದ ನೀರು ಕೊಟ್ಟು
ಮೆಲ್ಲಗೆ ನಡಿ, ಮೆಲ್ಲಗೆ ಮಾತಾಡು,
ಅವಸರದವರನ್ನು ಈ ಬೆಟ್ಟ
ಕೂರಿಸಿಬಿಡುತ್ತದೆ ಅಂದಳು.
ಆ ಕಷಾಯಕ್ಕೆ ಅವರ ಮಾತಿನಲ್ಲಿ ‘ಮಾತೆ’.
ನನ್ನ ಕಿವಿಗೆ ಅದು ತಾಯಿ ಎಂದೇ ಕೇಳಿತು.
ತಿದ್ದಿಕೊಳ್ಳಲು ಹೋಗಲಿಲ್ಲ.

ಮೂರು ದಿನ ಎಲ್ಲರೂ ನೋಡುವುದನ್ನು ನೋಡಿದೆ.
ಚುಮುಚುಮು ಬೆಳಕಿನಲ್ಲಿ ನೆಲ ಕುದಿಯುತ್ತಿತ್ತು,
ಒಲೆ ಹಚ್ಚಿದವರು ಯಾರೆಂದು ಕೇಳದೆ
ಡ್ರೈವರು ಅದರಲ್ಲೇ ಮೊಟ್ಟೆ ಬೇಯಿಸಿಕೊಟ್ಟ.
ಉಪ್ಪಿನ ಬಯಲಲ್ಲಿ ಕಾಲಿಟ್ಟಲ್ಲೆಲ್ಲ
ಹಪ್ಪಳ ಮುರಿದ ಸದ್ದು.
ಮೂರೇ ಮೂರು ಫ್ಲೆಮಿಂಗೊ,
ತಲೆ ಕೆಳಗಾಗಿಸಿ
ತಮ್ಮ ಬಿಂಬದ ಬಾಯಿಂದ ತುತ್ತು ಕಸಿಯುತ್ತಿದ್ದವು.
ಕ್ಯಾಮೆರಾ ತುಂಬಿತು, ತುಟಿ ಒಡೆಯಿತು.

ನಾಲ್ಕನೆಯ ರಾತ್ರಿ ಎರಡಕ್ಕೆ ಕದ ತಟ್ಟಿದಳು.
‘ನಕ್ಷತ್ರ ನೋಡಬೇಕು ಅಂದಿದ್ದೆಯಲ್ಲ, ಏಳು.
ಇವತ್ತು ನನ್ನ ಸರದಿ.’
ನಕ್ಷತ್ರಕ್ಕೂ ಸರದಿಯೇ ಎಂದುಕೊಂಡೆ.
ಅವಳ ಹೆಗಲ ಮೇಲೆ ಸಲಿಕೆ ಇತ್ತು.

ಇಪ್ಪತ್ತೆರಡು ದಿನಕ್ಕೊಮ್ಮೆ, ಒಂದೂವರೆ ಗಂಟೆ,
ಮೊಳದಗಲದ ಕಾಲುವೆ.
ಮೇಲಿನ ಹೊಲದ ಎಲೆಯುತೇರಿಯೊ
ಗಡಿಯಾರ ನೋಡುವುದಿಲ್ಲ.
ಲಿಕಾಂಕಾಬೂರಿನ ಹೆಗಲಿಗೆ
ತನ್ನ ಚುಕ್ಕಿ ಬಂದು ಕೂತಿತೆ ಎಂದು ನೋಡಿ
ಕೆಮ್ಮಿ, ತನ್ನ ತೂಬು ಇಳಿಸಿದ.
ಇವಳು ತನ್ನದನ್ನು ಎತ್ತಿದಳು.

ಮೊದಲು ಬಂದದ್ದು ನೀರಲ್ಲ, ಕಸ.
ಒಣಗಿದ ಎಲೆ, ಒಂದು ಬೆಂಕಿಪೊಟ್ಟಣ, ನೊರೆ.
ಅದರ ಬೆನ್ನಿಗೆ, ಕತ್ತಲಿಗೆ ನಾಲಿಗೆ ಬಂದಂತೆ.
ನಾನು ಫೋನಿನ ಟಾರ್ಚು ಹಚ್ಚಿದೆ.
ಆರಿಸು, ಅಂದಳು. ಅದಕ್ಕೆ ದಾರಿ ಗೊತ್ತು.

ಚುಕ್ಕಿಯಿಟ್ಟು ಗೆರೆ ಎಳೆಯುವ ಅಂಗಳದಿಂದ ಬಂದವಳು ನಾನು,
ಆಕಾಶದಲ್ಲೂ ಅದನ್ನೇ ಮಾಡುತ್ತಿದ್ದೆ.
ಓನೋರಿಯಾ ಸಲಿಕೆಯ ತುದಿಯಿಂದ ತೋರಿಸಿದ್ದು
ಚುಕ್ಕಿಗಳನ್ನಲ್ಲ, ನಡುವಿನ ಕಪ್ಪನ್ನು:
‘ಅಗೋ ಲಾಮಾ. ಅಗೋ ಅದರ ಮರಿ, ಹಾಲು ಕುಡಿಯುತ್ತಿದೆ.’
ಬಹಳ ಹೊತ್ತು ಕಾಣಲಿಲ್ಲ.
ಕಂಡ ಮೇಲೆ ಬೇರೇನೂ ಕಾಣಲಿಲ್ಲ.

‘ಬದುವಿನಲ್ಲಿ ಬಿರುಕು, ತುಳಿ, ತುಳಿ!’
ಶೂ ಬಿಚ್ಚಲು ಪುರುಸೊತ್ತಿಲ್ಲ,
ಮಂಜಿನಂಥ ಕೆಸರಲ್ಲಿ ಇಬ್ಬರೂ ಕುಣಿದೆವು,
ಉಸಿರು ಹತ್ತದೆ, ನಗುತ್ತ,
ಕುದುರೆಮೆಂತೆಯ ಬುಡಕ್ಕೆ ನೀರು ತಿರುಗುವ ತನಕ.

ಆಮೇಲೆ ಕೂತು ಅವಳ ತಮ್ಮನ ಮಾತು.
ಎವಾರಿಸ್ತೊ ಉಪ್ಪಿನ ಬಯಲಲ್ಲಿ ಪಂಪು ಕಾಯುತ್ತಾನೆ,
ಹಗಲೂ ರಾತ್ರಿ ನೆಲದಡಿಯ ಉಪ್ಪುನೀರು ಮೇಲಕ್ಕೆ.
‘ನಿನ್ನ ಫೋನಿನ ಬ್ಯಾಟರಿಗೆ ಬೇಕಂತೆ.
ಸಂಬಳ ಒಳ್ಳೆಯದು.’
ಇಷ್ಟನ್ನೇ ಹೇಳಿ ಸಲಿಕೆಯ ಮಣ್ಣು ಕೆರೆದಳು.

ಉಪ್ಪು ತಿಂದವರು ನೀರು ಕುಡಿಯಲೇಬೇಕು
ಎಂದು ನಮ್ಮಲ್ಲೊಂದು ಗಾದೆ,
ಹರಕು ಸ್ಪ್ಯಾನಿಷಿನಲ್ಲಿ ಹೇಗೋ ದಾಟಿಸಿದೆ.
ಅದರ ಒಳಮಾತು ದಾರಿಯಲ್ಲೇ ಸೋರಿಹೋಯಿತೇನೋ.
ಅವಳು ಯೋಚಿಸಿ, ‘ಕುಡಿಯಲಿ,
ಯಾರ ಸರದಿಯಲ್ಲಿ?’ ಅಂದಳು.

ನಾಲ್ಕಕ್ಕೆ ಕೆಳಗಿನ ಹೊಲದಲ್ಲಿ ಯಾರೋ ಕೆಮ್ಮಿದರು.

ಬೆಳಿಗ್ಗೆ ಅವಳು ಮಲಗಿಯೇ ಇದ್ದಳು.
ನನ್ನ ಶೂ ಆಗಲೇ ಒಣಗಿ ಕಟ್ಟಿಗೆಯಾಗಿತ್ತು,
ಅಂಚಿಗೆ ಬಿಳಿಯ ಗೆರೆ.
ಮೇಜಿನ ಮೇಲೆ ಬಾಡಿಗೆಯ ಚೀಟಿ, ಗಾಳಿಗೆ ಹಾರದಂತೆ
ಮೇಲೊಂದು ಕಲ್ಲು.
ನಾಲ್ಕು ರಾತ್ರಿ ಎಂದು ಬರೆದು
ಹೊಡೆದುಹಾಕಿ
ಪಕ್ಕದಲ್ಲಿ ಮೂರು ಎಂದಿತ್ತು.