ದಶಕದ ಸಾಲ

ಸಭೆ ಕರೆದದ್ದು ಹನ್ನೊಂದಕ್ಕೆ,
ಶುರುವಾದದ್ದು ಹನ್ನೆರಡೂವರೆಗೆ,
ಗಂಡಸಿ ಹ್ಯಾಂಡ್‌ಪೋಸ್ಟಿನಲ್ಲಿ ನಿಲ್ಲುವ ಬಸ್ಸುಗಳೆಲ್ಲ
ಬರುವವರನ್ನು ಇಳಿಸಿ ಮುಗಿಸಿದ ಮೇಲೆ.
ಎಂಟನೇ ತರಗತಿಯ ಬೆಂಚುಗಳಲ್ಲಿ
ಮೊಣಕಾಲು ಹಿಡಿಸದೆ ಓರೆಯಾಗಿ ಕೂತ ದೊಡ್ಡವರು.
ಬೋರ್ಡಿನ ಮೇಲೆ ಎರಡೇ ಅಂಕಿ:
ಹೋದ ವರ್ಷ ತೊಂಬತ್ತೊಂದು,
ಅದರ ಕೆಳಗೆ ಐವತ್ತೆರಡು.
ಬರೆದವಳು ನಾನೇ,
ಮೂವತ್ತೊಂದು ವರ್ಷದಿಂದ ಈ ಬೋರ್ಡಿನ ಗಣಿತದ ಮಿಸ್ಸು.

ಮೊಬೈಲೇ ಕಾರಣ ಅಂದರು ಒಬ್ಬರು.
ಮೊಟ್ಟೆ ಬಾಳೆಹಣ್ಣು ತಿನ್ನಿಸಿ ನಿದ್ದೆ ಹತ್ತಿಸಿಬಿಟ್ರಿ ಅಂದರು ಇನ್ನೊಬ್ಬರು.
ನಮ್ಮನ್ನ ಜನ ಎಣಿಸೋಕೆ ಮನೆ ಎಣಿಸೋಕೆ ಕಳಿಸಿದ್ರೆ
ಮಕ್ಕಳಿಗೆ ಎಣಿಸೋದು ಕಲಿಸೋರ್ಯಾರು,
ಇದು ಕನ್ನಡದ ಮೇಷ್ಟ್ರು, ಮೀಸೆಯೊಳಗೇ.
ಹಾಸನದಿಂದ ಬಂದ ಸಾಹೇಬರು ನೋಟೀಸಿನ ಭಾಷೆಯಲ್ಲಿ ಕೆಮ್ಮಿದರು.
ಹೆಡ್‌ಮಾಸ್ಟರ್ ಮರುಳಸಿದ್ದಯ್ಯ ನೀರು ಕುಡಿದರು,
ಮತ್ತೆ ಕುಡಿದರು.

ಆಗ ಎದ್ದ ಪಂಚಾಕ್ಷರಿ,
ಕೊಬ್ಬರಿ ಮಂಡಿಯ ಪಂಚಾಕ್ಷರಿ,
ತೋಳು ಮಡಿಸಿದ ಬಿಳಿ ಅಂಗಿ, ಜೇಬಲ್ಲಿ ಎರಡು ಪೆನ್ನು.
"ನಮ್ಮ ಕಾಲದಲ್ಲಿ ಹಿಂಗಿತ್ತಾ?
ಲಾಟೀನು ಹಚ್ಕೊಂಡು ಓದಿ ಪಾಸಾದೋರು ನಾವು.
ಗುಣಮಟ್ಟ ಬಿದ್ದೋಗಿದೆ ಸಾರ್, ಗುಣಮಟ್ಟ!"
ಓರೆಯಾಗಿ ಕೂತವರು ಚಪ್ಪಾಳೆ ತಟ್ಟಿದರು.

ಪಂಚಾಕ್ಷರಿ, ನಿನ್ನ ನಂಬರು ಕಿಟಕಿ ಪಕ್ಕದ್ದು.
ಹೊರಗೆ ಬೇವಿನ ಮರ.
ಗಣಿತದ ದಿನ ಗಣಿತದವರು ಕೋಣೆಗೆ ಹೋಗುವ ಹಾಗಿಲ್ಲ,
ನೀರಿನ ಬಿಂದಿಗೆ ಹೋಗಬಾರದೆಂದು ಯಾವ ಕಾನೂನೂ ಇಲ್ಲ.
ಬಿಂದಿಗೆಯ ಜೊತೆ ಹೋದೆ ನಾನು.
ಲಂಬಕೋನ ತ್ರಿಭುಜದ ಮೂರೂ ಬಾಹುಗಳನ್ನು
ಬಳೆಯ ಸದ್ದಿಗಿಂತ ಸಣ್ಣಗೆ
ನಿನ್ನ ಕಿವಿಯ ಪಕ್ಕ ಇಟ್ಟು ಬಂದೆ.
ನಿನಗೆ ಮೂವತ್ತೇಳು ಬಂತು.
ನಿಮ್ಮಪ್ಪ ಒಂದು ಚೀಲ ತೆಂಗಿನಕಾಯಿ ಹೊತ್ತು ತಂದರು.
ಬೇಡ ಅಂದೆ. ಎರಡು ಇಟ್ಟುಕೊಂಡೆ.

ಎಲ್ಲರೂ ಮಾಡುತ್ತಿದ್ದರು ಅನ್ನುವುದು
ಹಂತ ತೋರಿಸದೆ ಬರೆದ ಉತ್ತರ, ಅದಕ್ಕೆ ಅಂಕವಿಲ್ಲ.
ಹತ್ತನೇ ಕ್ಲಾಸಿಗೆ ಬಂದವನಿಗೆ ಭಾಗಾಕಾರ ಬಾರದಿದ್ದರೆ
ಎಷ್ಟನೇ ಕ್ಲಾಸಿನಿಂದ ಶುರು ಮಾಡಲಿ?
ಪರೀಕ್ಷೆಗೆ ಉಳಿದದ್ದು ನೂರು ದಿನ.
ಉತ್ತರ ಸುಲಭ, ಅದನ್ನೇ ಕೊಟ್ಟೆ.
ಕೊಡುತ್ತ ಕೊಡುತ್ತ ಎಪ್ಪತ್ತಾಯಿತು, ಎಂಬತ್ತಾಯಿತು,
ತೊಂಬತ್ತೊಂದಕ್ಕೆ ಶಾಲು ಹೊದಿಸಿದರು.
ಪ್ರಶಸ್ತಿ ಪತ್ರದ ಫ್ರೇಮಿನ ಹಿಂದೆ
ಹಲ್ಲಿಯೊಂದು ಸಂಸಾರ ಹೂಡಿದೆ.

ಈ ವರ್ಷ ಮೂಲೆಯಲ್ಲಿ ಕ್ಯಾಮೆರಾ,
ರೆಪ್ಪೆ ಬಡಿಯದ ಕೆಂಪು ಚುಕ್ಕೆ.
ಬಿಂದಿಗೆ ಒಂದೇ ಒಳಗೆ ಹೋಯಿತು.
ಅಷ್ಟೇ ಕಣೋ ಆದದ್ದು.

ಹೇಳಿಬಿಡೋಣ ಅಂತ ಎದ್ದೆ.
"ಏನು ಮೇಡಂ?" ಅಂದರು ಸಾಹೇಬರು.
ಪಂಚಾಕ್ಷರಿ ನನ್ನತ್ತ ನೋಡಿದ,
ಜೇಬಿನ ಪೆನ್ನು ಸರಿ ಮಾಡಿಕೊಂಡ,
ಸರಿಯಾಗೇ ಇದ್ದದ್ದನ್ನು.
"ಫ್ಯಾನು ಜೋರು ಮಾಡ್ಲಾ ಸಾರ್?"

ಸಂಜೆ ನಾಲ್ಕೂವರೆ.
ಮರುಪರೀಕ್ಷೆಗೆ ಇಪ್ಪತ್ತಾರು ದಿನ.
ಫೇಲಾದ ಹದಿಮೂರರಲ್ಲಿ ಬಂದವರು ಐವರು.
ಪ್ರಮೇಯ ಬದಿಗಿಟ್ಟು
ಬೋರ್ಡಿನ ಮೇಲಿದ್ದದ್ದಕ್ಕೇ ಅಡ್ಡಗೆರೆ ಎಳೆದು
ಕಳೆಯಿರಿ ಅಂದೆ.
ಬಿಡಿಯಲ್ಲಿ ಒಂದೇ ಇದೆ, ಎರಡು ಹೋಗೋದಿಲ್ಲ,
ಪಕ್ಕದ ಮನೆಯಿಂದ ಒಂದು ದಶಕ ಸಾಲ ತನ್ನಿ.

ವರ್ಷವಿಡೀ ಬಾಯಿ ತೆರೆಯದಿದ್ದ ತೀರ್ಥೇಶ
ಹಿಂದಿನ ಬೆಂಚಿನಿಂದ ಕೈ ಎತ್ತಿದ:
"ತಂದಿದ್ದ ಸಾಲ ವಾಪಸ್ ಯಾವಾಗ ಕೊಡೋದು ಮಿಸ್?"

ನಾಲ್ವರು ನಕ್ಕರು.
ಅವನು ನಗಲಿಲ್ಲ, ಕಾಯುತ್ತಿದ್ದ.
ನಾನು ಕಿಟಕಿಯ ಕಡೆ ನೋಡಿದೆ,
ಯಾರಾದರೂ ಪಿಸುಗುಟ್ಟಿಯಾರೇನೋ ಅಂತ.
ಬೇವಿನ ಮರ.
ತಿಪಟೂರಿನ ಬಸ್ಸು
ಹಾರ್ನು ಹೊಡೆದು, ಯಾರೂ ಹತ್ತದೆ, ಹೊರಟಿತು.