ಸಿಲಿಂಡರಿನ ನಲವತ್ಮೂರನೇ ದಿನ

ಕ್ಯಾಲೆಂಡರಿನ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ
ಸಿಲಿಂಡರ್ ಹಚ್ಚಿದ ತಾರೀಖು.
ಹೋದ ಸಲ ನಲವತ್ತೊಂದು ದಿನ. ಇವತ್ತಿಗೆ ನಲವತ್ಮೂರು,
ನೀಲಿ ಉರಿ ಇನ್ನೂ ಹಳದಿಗೆ ತಿರುಗಿಲ್ಲ.
ಗಂಜಿ ಒಂದು ಕುದಿ ಬಂದದ್ದೇ ಒಲೆ ಆರಿಸಿ
ಹಳೇ ಲುಂಗಿಯಲ್ಲಿ ಪಾತ್ರೆ ಸುತ್ತಿಡುತ್ತೇನೆ
ಕೂಸಿಗೆ ಕುಲಾಯಿ ಕಟ್ಟಿದ ಹಾಗೆ;
ಒಳಗೇ ಬೇಯುತ್ತದೆ, ಪುಕ್ಕಟೆ.

ಮೀನುಪೇಟೆಗೆ ಹೋಗುವುದು ಏಳರ ಮೇಲೆ,
ಐಸು ಕರಗಿ ದರವೂ ಕರಗುವ ಹೊತ್ತಿಗೆ.
ಕೋಡಿಬಾಗದಿಂದ ನಡೆದೇ. ರಿಕ್ಷಾದ ನಲವತ್ತು ಉಳಿಯಿತು,
ದಾರಿಯಲ್ಲಿ ಲಿಂಬು ಸೋಡಾಕ್ಕೆ ಇಪ್ಪತ್ತೈದು ಹೋಯಿತು.
ಅದನ್ನು ಬರೆಯುವುದಿಲ್ಲ.

ಹರಿಕಂತ್ರರ ರುಕ್ಮಾಳ ಮುಂದೆ ಕೂತು
ಬಂಗಡೆಯ ಕಿವಿರು ಎತ್ತಿ ನೋಡಿ, ಮುಖ ಸಿಂಡರಿಸಿ,
ಎದ್ದು ಎರಡು ಹೆಜ್ಜೆ ಹೋಗಿ,
ಕರೆಯಲಿಲ್ಲವಲ್ಲ ಎಂದು ನಾನೇ ತಿರುಗಿ ಬಂದು
ಅಂತೂ ಇಪ್ಪತ್ತು ಇಳಿಸಿದೆ.

ಮರಳುವಾಗ ಹೆದ್ದಾರಿಯಲ್ಲಿ ಅವಳೂ ಸಿಕ್ಕಳು, ಕಾಲ್ನಡಿಗೆ.
'ಬಸ್ಸು ಪುಕ್ಕಟೆ ಅಲ್ಲವೇನೇ ನಮಗೆ?'
'ನನಗೆ ಪುಕ್ಕಟೆ. ಬುಟ್ಟಿ ವಾಸನೆಯಂತೆ,
ಕಂಡಕ್ಟರ್ ಹತ್ತಿಸುವುದಿಲ್ಲ.'
ಸ್ವಲ್ಪ ದೂರ ಮಾತಿಲ್ಲ. ನನ್ನ ಚೀಲದಲ್ಲಿ
ಆ ಇಪ್ಪತ್ತು ಗಂಟಲ ಮುಳ್ಳಾಗಿ ಕೂತಿತ್ತು,
ತೆಗೆದು ಕೊಡಲೇ ಎನ್ನುವಷ್ಟರಲ್ಲಿ
ಅವಳೇ ನಕ್ಕಳು:
'ನೀ ಬರ್ತೀ ಅಂತ ಗೊತ್ತಿತ್ತು ಬಾಯಿ,
ಮೊದಲೇ ಮೂವತ್ತು ಏರಿಸಿ ಹೇಳಿದ್ದೆ.'

ಮನೆಗೆ ಬಂದು ಬಂಗಡೆ ತೊಳೆದೆ.
ಹುಣಸೆಯ ಬದಲು ಹಿತ್ತಲ ಮುರುಗಲ ಸಿಪ್ಪೆ.
ಸಾರು ಒಲೆಗಿಟ್ಟು, ಪುಸ್ತಕ ತೆರೆದು,
ಇಪ್ಪತ್ತನ್ನು ಯಾವ ಕಡೆ ಬರೆಯಲಿ
ಎಂದು ಪೆನ್ಸಿಲ್ ಕಚ್ಚುತ್ತಿದ್ದಾಗ
ಒಲೆ ಫುಸ್ಸೆಂದಿತು.

ನಲವತ್ಮೂರು.