ಒಂದು ಗುಡಿಸು ಹೆಚ್ಚು

ಬಿಂಕದಕಟ್ಟಿ ದಾಟಿದ ಕೂಡಲೆ ನಿಂತಿತು.
ಹೋದ ವಾರ ಹುಲಕೋಟಿ ಹತ್ರ,
ಅದರ ಹಿಂದಿನ ವಾರ ಮುಳಗುಂದ ನಾಕಾದಾಗ,
ನಟ್ಟ ನಡುವ, ಬಸ್ಸಿನ ಮುಂದ.
ಎಂಬತ್ತಾರರ ಪದ್ಮಿನಿ. ಬಣ್ಣ ಒಮ್ಮೆ ಹಾಲಿಂದು,
ಈಗ ಕೆನೆ ಕಟ್ಟಿದ ಚಹಾದ್ದು.
ಅರ್ಧ ತಾಸು ಬಾನೆಟ್ ತೆಗೆದು ನಿಂತರ
ತಾನ ಚಾಲೂ ಆಗತದ,
ಏನೂ ಆಗೇ ಇಲ್ಲ ಅನ್ನೂವಂಗ.

ಹಾದು ಹೋಗೋರೆಲ್ಲಾ ಡಾಕ್ಟರು.
ಟಂಟಂದವ ಅಂದ: ಪೆಟ್ರೋಲ್ ಪಂಪ್ ಕಾದದ,
ಮ್ಯಾಲ ತೊಯ್ಸಿದ ಅರಿವಿ ಹಾಕ್ರಿ.
ಹಾಕಿದೆ. ಬುತ್ತಿ ಕಟ್ಟಿದ ಅರಿವಿ ಹಾಳಾತು, ಅಷ್ಟ.
ನಮ್ಮ ಪ್ರೆಸ್ಸಿನ ಮಾಲಕರು: ಕಾರ್ಬೋರೇಟರ್.
ನನ್ನ ತಮ್ಮ: ಗುಜರಿ.

ಬುಡ್ನೇಸಾಬ ಬಾನೆಟ್ ಮುಟ್ಟಲಿಲ್ಲ.
ಚಹಾ ಕುಡದ, ಬಸಿ ಕೆಳಗಿಟ್ಟ, ಕೇಳಿದ:
'ಅಕ್ಕಾರ, ನಿಂದರೂ ಮುಂದ ಕೆಮ್ಮತದೋ,
ಸುಮ್ನ ಕಣ್ಣು ಮುಚ್ಚತದೋ?'
ನಾನು ಯೋಚನೆ ಮಾಡಿದೆ.
ಹನ್ನೊಂದು ವರ್ಷ ಓಡಿಸೀನಿ,
ಇದನ್ನ ಯಾರೂ ಕೇಳಿರಲಿಲ್ಲ.
'ಕೆಮ್ಮತದ. ಎರಡು ಸಲ. ಆಮ್ಯಾಲ ಮುಚ್ಚತದ.'
'ಬಿಸಿಲಾಗ?'
'ಬಿಸಿಲಾಗ.'
ಅವ ತಲಿ ಆಡಿಸಿದ, ನಾಡಿ ಸಿಕ್ಕವರಂಗ.

ಅವನ ಕಿವಿ ಹೋಗಿ ನಾಕು ವರ್ಷ ಆತು.
ಬಲಗಡೆದು ಪೂರಾ, ಎಡಗಡೆದು ಮುಕ್ಕಾಲು.
ತುಟಿ ನೋಡಿ ಮನಷ್ಯಾರ ಮಾತು ತಿಳೀತಾನ.
ಎಂಜಿನ್ನಿಗೆ ತುಟಿ ಇಲ್ಲಲ್ಲ,
ಅದಕ್ಕ ಉದ್ದನ ಸ್ಕ್ರೂ ಡ್ರೈವರಿನ ತುದಿ
ಬ್ಲಾಕಿಗೆ ಒತ್ತಿ ಹಿಡದು,
ಕಟಗಿ ಹಿಡಿಕಿ ಹಲ್ಲಾಗ ಕಚ್ಚಿ
ಕಣ್ಣು ಮುಚ್ಚತಾನ.
ಆ ಹಿಡಿಕಿ ತುಂಬ ಹಲ್ಲಿನ ಗುರುತು,
ಎಷ್ಟು ಗಾಡಿ ಕಡದಾನೋ.

'ಟ್ಯಾಪೆಟ್ ವಟಗುಡತಾವ. ಅದು ರೋಗ ಅಲ್ಲ,
ವಯಸ್ಸು. ಬಿಡ್ರಿ.'
ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗದ.
ಒಳಗ ಪಾಯಿಂಟ್, ಎರಡು ಅಕ್ಕಿಕಾಳಿನಷ್ಟು ಲೋಹ,
ಒಂದರ ಮೈಮ್ಯಾಲ ಗುಳಿ, ಇನ್ನೊಂದರ ಮ್ಯಾಲ ಗುಬ್ಬಿ.
'ಕಂಡೆನ್ಸರ್ ಸತ್ತದ. ತಂಪಿದ್ದಾಗ ನಾಟಕ ಮಾಡತದ,
ಕಾದ ಕೂಡಲೆ ಹೆಣ.'

ಹಳೇ ಡಬ್ಬಿ ಸುರುವಿ ಒಂದು ಕಂಡೆನ್ಸರ್ ಹುಡುಕಿದ.
ಉಪ್ಪಿನ ಕಾಗದ ಮಡಚಿ ಪಾಯಿಂಟಿನ ನಡುವ ತಿಕ್ಕಿದ.
ಹುಡುಗ ಗಾಡಿ ಟಾಪ್ ಗೇರಿಗೆ ಹಾಕಿ
ಅಂಗುಲ ಅಂಗುಲ ದಬ್ಬಿದ, ಪಾಯಿಂಟು ಪೂರಾ ತೆರೆಯೂ ಮಟ.
ಆಮ್ಯಾಲ ಸಂದು ಅಳಿಬೇಕು.
ಗೇಜು ಯಾರೋ ಒಯ್ದವರು ತಂದಿರಲಿಲ್ಲ.
'ದಪ್ಪನ ಕಾರ್ಡ್ ಇದ್ದರ ಕೊಡ್ರಿ.
ಮದಿವಿ ಕಾರ್ಡ್ ಆದರ ಪಸಂದ.'

ಇದ್ದವು. ಡಿಕ್ಕಿ ತುಂಬ ಇದ್ದವು.
ಆರು ನೂರು, ಬಂಗಾರದ ಅಂಚಿನವು.
'ವಧು-ವರರನ್ನು ಹರಸಿ' ಅಂತ ಇರಬೇಕಾದಲ್ಲೆ
'ಹರಿಸಿ' ಅಂತ ಬಿದ್ದಿತ್ತು. ಒಂದು ಗುಡಿಸು ಹೆಚ್ಚು.
ಮೂರು ಸಲ ಪ್ರೂಫ್ ನೋಡಿದಾಕಿ ನಾನ.
ಬೀಗರು ಜಗಳ ತಗದರು,
ಮಾಲಕರು ಪಗಾರದಾಗ ಮುರಕೊಂಡರು.
ಒಗಿಯಾಕ ಮನಸ್ಸಾಗದ ಡಿಕ್ಕಿಯಾಗ ಹೊತಗೊಂಡು
ಮಳಿಗಾಲ, ಚಳಿಗಾಲ ತಿರಿಗೀನಿ.

ಒಂದು ಕೊಟ್ಟೆ.
ಬೆರಳಾಗ ಹೊಸೆದು ನೋಡಿದ. 'ಬರೋಬ್ಬರಿ.'
ಮೂಲಿ ಹಿಡದು ಪರ್ರಂತ ಹರದ.
ಆ ಚೂರು ಸಂದಿಯೊಳಗ ಇಟ್ಟು ಸ್ಕ್ರೂ ಬಿಗದ,
ಎಳದ, ಇನ್ನೊಂದೀಟು ಸಡಿಲ ಮಾಡಿದ,
ಮತ್ತ ಎಳದ.
ಕಾಗದ ಹಿಡಿಬೇಕು, ಆದರ ಹಿಡಕೋಬಾರದು, ಅಂದ.

ಒಂದು ಎಳಿ ಹೆಚ್ಚಾದರ ಕಿಡಿ ಬಡವ,
ಕಡಿಮಿ ಆದರ ಸುಡತದ.
ನಾನು ಬಗ್ಗಿ ನೋಡೇ ನೋಡಿದೆ.
ಎಷ್ಟು ಸಂದು ಅಂದರ
ಬರೇ ಒಂದು ಗುಡಿಸು.

ಚಾವಿ ತಿರುವಿದೆ. ಹತ್ತಿತು.
ಬುಡ್ನೇಸಾಬ ಅಂಗೈ ರೇಡಿಯೇಟರ್ ಮ್ಯಾಲಿಟ್ಟು
ಬಹಳ ಹೊತ್ತು ನಿಂತ,
ಕೂಸಿನ ಬೆನ್ನ ಮ್ಯಾಲ ಇಟ್ಟಂಗ.
ಕಾಯಲಿ ಅಂತ ಇಬ್ಬರೂ ಕಾದಿವಿ. ಕೆಮ್ಮಲಿಲ್ಲ.

'ಉಳಿದ ಕಾರ್ಡ್ ಏನು ಮಾಡ್ತೀರಿ?'
'ಬೇಕೇನು?'
'ಒಂದು ನೂರು ಇರಲಿ' ಅಂದ.
'ಮ್ಯಾಲ ಏನ ಬರದದ?'
ನಾನು ತುಟಿ ಸ್ವಚ್ಛ ಕಾಣೂವಂಗ
ಒಂದೊಂದ ಅಕ್ಷರ ಬಿಡಿಸಿ ಓದಿ ಹೇಳಿದೆ,
ತಪ್ಪಿದ್ದದ್ದು ತಪ್ಪಿದ್ದಂಗ.
ಅವ ನಕ್ಕ. 'ಹರದೆನಲ್ಲ.'

ಹಾರ್ನ್ ಇನ್ನೂ ಬಡಿಯಾಂಗಿಲ್ಲ.
ಎಡಗಡೆ ಬಾಗಲಾ ಒಳಗಿನಿಂದ ಅಷ್ಟ ತೆಗೀತದ.
ಅದಕ್ಕ ಮುಂದಿನ ಆಯಿತವಾರ ಬಾ ಅಂದಾನ.